ಮುಖಪರಿಚಯದ ಮರ್ಮ



ಜಾತ್ರೆಯ ಜನಜಂಗುಳಿಯಲ್ಲಿ ಹತ್ತಾರು ಮಾರು ದೂರದಲ್ಲಿ ಹಾದುಹೋಗುವ ನಮ್ಮೂರಿನವರ ಮುಖವನ್ನು ನಾವು ಕ್ಷಣಾರ್ಧದಲ್ಲಿ ಗುರುತಿಸುತ್ತೇವೆ. ಇಪ್ಪತ್ತು ವರ್ಷಗಳ ಹಿಂದೆ ಜೊತೆಯಲ್ಲಿ ಓದಿದವರು ತಲೆ ನರೆತು, ಕನ್ನಡಕ ಧರಿಸಿ ಎದುರಿಗೆ ಬಂದರೂ, ಹೆಸರು ನಾಲಗೆಗೆ ಬರುವುದಕ್ಕೆ ಮೊದಲೇ ಪರಿಚಯದ ಭಾವ ಮನಸ್ಸಿನಲ್ಲಿ ಮೂಡಿರುತ್ತದೆ. ಇದಕ್ಕಾಗಿ ನಾವು ಯಾವ ಶ್ರಮವನ್ನೂ ಪಡುವುದಿಲ್ಲ. ಯಾರೂ ನಮಗೆ ಇದನ್ನು ಪಾಠ ಹೇಳಿ ಕಲಿಸಿದ್ದೂ ಇಲ್ಲ. ಆದುದರಿಂದಲೇ ಇದರಲ್ಲಿ ವಿಚಾರ ಮಾಡತಕ್ಕದ್ದು ಏನಾದರೂ ಇದೆಯೆಂದು ನಮಗೆ ತೋರುವುದಿಲ್ಲ.

ಆದರೆ ಒಂದು ಗಳಿಗೆ ನಿಂತು ಯೋಚಿಸಿದರೆ ಇದರ ಕಷ್ಟ ಅರಿವಾಗುತ್ತದೆ. ಎಲ್ಲರಿಗೂ ಇರುವುದು ಎರಡು ಕಣ್ಣು, ಒಂದು ಮೂಗು, ಒಂದು ಬಾಯಿ. ಅವುಗಳ ಸ್ಥಾನವೂ ಎಲ್ಲರಲ್ಲಿ ಒಂದೇ. ಒಂದು ಮುಖಕ್ಕೂ ಮತ್ತೊಂದು ಮುಖಕ್ಕೂ ಇರುವ ವ್ಯತ್ಯಾಸ ಕೂದಲೆಳೆಯಷ್ಟು. ಅದೇ ಮುಖ ನಕ್ಕಾಗ ಒಂದು ರೂಪ, ಸಿಟ್ಟಾದಾಗ ಇನ್ನೊಂದು ರೂಪ. ಬಿಸಿಲಿನಲ್ಲಿ ಒಂದು ಬಗೆ, ದೀಪದ ಬೆಳಕಿನಲ್ಲಿ ಮತ್ತೊಂದು ಬಗೆ. ಇಷ್ಟು ಬದಲಾವಣೆಗಳ ನಡುವೆ ‘ಇವರು ಇಂಥವರೇ’ ಎಂದು ಮನಸ್ಸು ನಿರ್ಣಯಿಸುವುದು ಹೇಗೆ? ಸುಲಭವಾಗಿ ನಡೆಯುವ ಕಾರ್ಯವೆಲ್ಲ ಸರಳವಾದ ಕಾರ್ಯವಲ್ಲ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು.

ಇಂಥದೊಂದು ವಿಷಯವನ್ನು ಹಿಡಿದು ಐದಾರು ವರ್ಷ ಸಂಶೋಧನೆ ನಡೆಸುತ್ತೇನೆಂದು ಮನೆಯ ಮಗಳೋ ಮಗನೋ ಹೇಳಿದರೆ ಹಿರಿಯರ ಮನಸ್ಸಿನಲ್ಲಿ ಏನು ಹಾದುಹೋದೀತು? ‘ಮುಖ ನೋಡುವುದರಲ್ಲಿ ಓದುವುದೇನಿದೆ? ಇದರಿಂದ ಯಾರಿಗೆ ಉಪಯೋಗ? ಕೈಗೆ ಉದ್ಯೋಗ ಬರುವುದು ಯಾವಾಗ?’ ಎಂಬ ಪ್ರಶ್ನೆಗಳು ಸಹಜವಾಗಿಯೇ ಏಳುತ್ತವೆ. ಅವು ಕೆಟ್ಟ ಪ್ರಶ್ನೆಗಳಲ್ಲ. ಆದರೆ ಉತ್ತರಕ್ಕೆ ಆತುರಪಡುವ ಮುನ್ನ, ಇದೇ ವಿಷಯದಲ್ಲಿ ತಮ್ಮ ಯೌವನದ ವರ್ಷಗಳನ್ನು ಸವೆಸಿದ ಕೆಲವು ವಿದ್ವಾಂಸರ ದಾರಿಯನ್ನು ನೋಡುವುದು ಒಳ್ಳೆಯದು. ಅದರಲ್ಲಿಯೂ ಅಮೆರಿಕದ ಮನೋವಿಜ್ಞಾನಿ ನ್ಯಾನ್ಸಿ ಕ್ಯಾನ್‌ವಿಷರ್ ಅವರ ಆರಂಭದ ದಿನಗಳನ್ನು ಈ ಸಂಚಿಕೆಯಲ್ಲಿ ಸ್ವಲ್ಪ ವಿವರವಾಗಿ ಪರಿಶೀಲಿಸೋಣ.

ಮೊದಲು ಈ ವಿಷಯದ ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿಯಬೇಕು. 1947ರಲ್ಲಿ ಜರ್ಮನಿಯ ವೈದ್ಯ ಯೋಆಖಿಮ್ ಬೋಡಾಮರ್ ಎಂಬುವರು ಕೆಲವು ವಿಚಿತ್ರ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ತಲೆಗೆ ಪೆಟ್ಟು ಬಿದ್ದ ಅವರ ಕಣ್ಣುಗಳು ಸರಿಯಾಗಿದ್ದವು. ಎದುರಿಗಿರುವುದು ಮುಖವೆಂಬುದೂ ಅವರಿಗೆ ತಿಳಿಯುತ್ತಿತ್ತು. ಆದರೆ ಅದು ಯಾರ ಮುಖವೆಂದು ಮಾತ್ರ ತಿಳಿಯುತ್ತಿರಲಿಲ್ಲ. ಧ್ವನಿ ಕೇಳಿದೊಡನೆ ಗುರುತು ಹತ್ತುತ್ತಿತ್ತು. ಈ ಸ್ಥಿತಿಗೆ ಅವರು ‘ಪ್ರೊಸೊಪ್ಯಾಗ್ನೋಸಿಯ’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ‘ಪ್ರೊಸೊಪೊನ್’ ಎಂದರೆ ಮುಖ, ‘ಅಗ್ನೋಸಿಯ’ ಎಂದರೆ ಅರಿಯದಿರುವಿಕೆ. ಸಂಸ್ಕೃತದ ‘ಜ್ಞಾ’ ಧಾತುವಿಗೂ ಗ್ರೀಕಿನ ‘ಗ್ನೋ’ ಧಾತುವಿಗೂ ಮೂಲ ಒಂದೇ ಎಂಬುದು ಭಾಷಾಶಾಸ್ತ್ರಜ್ಞರಿಗೆ ವಿದಿತವಾದ ಸಂಗತಿ. ನಿಷೇಧಾರ್ಥದ ‘ಅ’ಕಾರವೂ ಎರಡರಲ್ಲಿಯೂ ಒಂದೇ. ಆದುದರಿಂದ ಇದನ್ನು ‘ಮುಖದ ಅಜ್ಞಾನ’ ಎಂದರೆ ಅದು ಬರಿಯ ಭಾಷಾಂತರವಲ್ಲ, ಆ ಹೆಸರಿನ ಸೋದರ ಶಬ್ದವೇ ಆಗುತ್ತದೆ.

ಮುಂದೆ 1969ರಲ್ಲಿ, ಎಂ.ಐ.ಟಿ. ಎಂದು ಪ್ರಸಿದ್ಧವಾದ ಅಮೆರಿಕದ ಮೆಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ರಾಬರ್ಟ್ ಯಿನ್ ಎಂಬ ಯುವ ಸಂಶೋಧಕರು ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಮುಖಗಳು, ಮನೆಗಳು, ವಿಮಾನಗಳು ಮುಂತಾದವುಗಳ ಚಿತ್ರಗಳನ್ನು ಜನರಿಗೆ ತೋರಿಸಿ, ಅನಂತರ ನೋಡಿದ್ದು ಯಾವುದು, ನೋಡದಿದ್ದದ್ದು ಯಾವುದು ಎಂದು ಕೇಳಿದರು. ಚಿತ್ರಗಳು ನೆಟ್ಟಗಿದ್ದಾಗ ಜನರು ಮುಖಗಳನ್ನೇ ಎಲ್ಲಕ್ಕಿಂತ ಚೆನ್ನಾಗಿ ಗುರುತಿಸಿದರು. ತಲೆಕೆಳಗು ಮಾಡಿದಾಗ ಎಲ್ಲವನ್ನೂ ಗುರುತಿಸುವುದು ಸ್ವಲ್ಪ ಕಷ್ಟವಾಯಿತಾದರೂ ಮುಖಗಳ ವಿಷಯದಲ್ಲಿ ಆ ಕಷ್ಟ ಮಿತಿಮೀರಿತು. ಅಂದರೆ ಮುಖವನ್ನು ನೋಡುವ ಕ್ರಮವೇ ಬೇರೆ ಇರಬೇಕು ಎಂಬ ಸಂದೇಹ ಮೊಳೆಯಿತು. ಈ ಯಿನ್ ಅವರು ಮುಂದೆ ಮುಖದ ಸಂಶೋಧನೆಯನ್ನು ಬಿಟ್ಟು, ಸಮಾಜವಿಜ್ಞಾನದ ಸಂಶೋಧನಾ ವಿಧಾನವನ್ನು ಕುರಿತು 1984ರಲ್ಲಿ ಗ್ರಂಥ ಬರೆದು ಆ ಕ್ಷೇತ್ರದಲ್ಲಿಯೇ ಹೆಸರಾದರು. ಯೌವನದ ಕೆಲವೇ ವರ್ಷಗಳಲ್ಲಿ ಮಾಡಿದ ಆ ಪ್ರಯೋಗವನ್ನು ಮುಖಸಂಶೋಧಕರು ಮಾತ್ರ ಇಂದಿಗೂ ಮರೆತಿಲ್ಲ.

1980ರಲ್ಲಿ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾನಿಲಯದ ಪೀಟರ್ ಥಾಂಪ್ಸನ್ ಅವರು ಇದಕ್ಕೊಂದು ಸೊಗಸಾದ ನಿದರ್ಶನ ಒದಗಿಸಿದರು. ಅಂದಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಭಾವಚಿತ್ರದಲ್ಲಿ ಕಣ್ಣುಗಳನ್ನೂ ಬಾಯಿಯನ್ನೂ ಮಾತ್ರ ಕತ್ತರಿಸಿ ತಲೆಕೆಳಗಾಗಿ ಅಂಟಿಸಿದರು. ಇಡೀ ಚಿತ್ರವನ್ನು ತಲೆಕೆಳಗು ಹಿಡಿದರೆ ಅದರಲ್ಲಿ ವಿಶೇಷವೇನೂ ಕಾಣದು. ನೆಟ್ಟಗೆ ಹಿಡಿದರೆ ಅದೇ ಮುಖ ಭೀಕರವಾಗಿ ತೋರುತ್ತದೆ. ಹಳೆಯ ವೃತ್ತಪತ್ರಿಕೆಯ ಒಂದು ದೊಡ್ಡ ಭಾವಚಿತ್ರ, ಕತ್ತರಿ, ಅಂಟು ಇಷ್ಟಿದ್ದರೆ ಮಕ್ಕಳೊಡನೆ ಮನೆಯಲ್ಲಿಯೇ ಇದನ್ನು ಮಾಡಿ ನೋಡಬಹುದು. ನಾವು ಮುಖವನ್ನು ಕಣ್ಣು, ಮೂಗು, ಬಾಯಿ ಎಂದು ಬಿಡಿಬಿಡಿಯಾಗಿ ನೋಡುವುದಿಲ್ಲ. ಅವುಗಳ ಪರಸ್ಪರ ಸಂಬಂಧವನ್ನು ಇಡಿಯಾಗಿ ಗ್ರಹಿಸುತ್ತೇವೆ. ಆ ಗ್ರಹಿಕೆ ನೆಟ್ಟಗಿರುವ ಮುಖಕ್ಕೆ ಮಾತ್ರ ಸರಿಯಾಗಿ ಒದಗುತ್ತದೆ ಎಂಬುದು ಇದರ ತಾತ್ಪರ್ಯ.

ಈಗ ಕ್ಯಾನ್‌ವಿಷರ್ ಅವರ ಕಡೆಗೆ ಬರೋಣ. 1958ರಲ್ಲಿ ಜನಿಸಿದ ಅವರ ತಂದೆ ಸಮುದ್ರಜೀವಿಗಳ ಶರೀರಕ್ರಿಯೆಯನ್ನು ಅಧ್ಯಯನ ಮಾಡಿದ ವಿಜ್ಞಾನಿ. ಮಗಳು ಎಂ.ಐ.ಟಿ.ಯಲ್ಲಿ ಜೀವಶಾಸ್ತ್ರದ ಪದವಿಯನ್ನು 1980ರಲ್ಲಿ ಪಡೆದು, ಅಲ್ಲಿಯೇ ಮನೋವಿಜ್ಞಾನಿ ಮೇರಿ ಪಾಟರ್ ಅವರ ಮಾರ್ಗದರ್ಶನದಲ್ಲಿ 1986ರಲ್ಲಿ ಡಾಕ್ಟರೇಟ್ ಪಡೆದರು. ಅವರ ಪ್ರಬಂಧದ ವಿಷಯ ಮುಖವಲ್ಲ. ಪದಗಳನ್ನು ಅತಿ ವೇಗವಾಗಿ ಒಂದಾದ ಮೇಲೊಂದರಂತೆ ತೋರಿಸುತ್ತಾ ಹೋದರೆ, ಎರಡು ಸಲ ಬಂದ ಪದದ ಎರಡನೆಯ ಬರವನ್ನು ನೋಡುಗರು ಗಮನಿಸದೆ ಬಿಟ್ಟುಬಿಡುತ್ತಾರೆ ಎಂಬ ಒಂದು ಸೂಕ್ಷ್ಮ ವಿಷಯವನ್ನು ಅವರು ಪರಿಶೀಲಿಸಿದ್ದರು. ಆ ವರ್ಷಗಳಲ್ಲಿ ವಿಜ್ಞಾನವನ್ನೇ ಬಿಟ್ಟುಬಿಡುವ ಯೋಚನೆ ಅವರಿಗೆ ಒಂದಕ್ಕಿಂತ ಹೆಚ್ಚು ಬಾರಿ ಬಂದದ್ದುಂಟು.

ಡಾಕ್ಟರೇಟ್ ದೊರೆತ ಮೇಲಾದರೂ ನೆಟ್ಟನೆಯ ದಾರಿ ಹಿಡಿದರೇ ಎಂದರೆ ಅದೂ ಇಲ್ಲ. ಮ್ಯಾಕ್‌ಆರ್ಥರ್ ಪ್ರತಿಷ್ಠಾನದ ವೇತನ ಪಡೆದು, ಶಾಂತಿ ಮತ್ತು ಅಂತಾರಾಷ್ಟ್ರೀಯ ಭದ್ರತೆಯ ಅಧ್ಯಯನಕ್ಕೆ ತೊಡಗಿದರು. ರಾಷ್ಟ್ರದ ಭದ್ರತಾ ನೀತಿಯನ್ನು ರೂಪಿಸುವವರೂ ಸಾಮಾನ್ಯ ಜನರಂತೆಯೇ ತರ್ಕದ ತಪ್ಪುಗಳಿಗೆ ಒಳಗಾಗುವುದು ಹೇಗೆ ಎಂಬುದನ್ನು ಕುರಿತು 1989ರಲ್ಲಿ ಲೇಖನವನ್ನೂ ಪ್ರಕಟಿಸಿದರು. ಆ ಮೇಲೆ ಮತ್ತೆ ಮನೋವಿಜ್ಞಾನಕ್ಕೆ ಮರಳಿ ಕ್ಯಾಲಿಫೋರ್ನಿಯದಲ್ಲಿ, ತರುವಾಯ ಹಾರ್ವರ್ಡ್‌ನಲ್ಲಿ ಅಧ್ಯಾಪಕರಾದರು. ಇಷ್ಟನ್ನು ದೂರದಿಂದ ನೋಡುವ ನೆಂಟರಿಷ್ಟರು ಏನೆಂದುಕೊಂಡಾರು? ‘ಈ ಹುಡುಗಿಗೆ ಒಂದು ನೆಲೆಯಿಲ್ಲ’ ಎಂದೇ ಅಲ್ಲವೇ? ಆದರೆ ಆ ಹಲವು ವರ್ಷಗಳಲ್ಲಿ ಅವರು ಕಲಿತದ್ದು ಒಂದೇ ವಿದ್ಯೆ: ಮನುಷ್ಯನ ಮನಸ್ಸು ತನಗೆ ತಾನೇ ಹೇಗೆ ಮೋಸ ಹೋಗುತ್ತದೆ, ಆ ಮೋಸವನ್ನು ಪ್ರಯೋಗದಿಂದ ಹಿಡಿಯುವುದು ಹೇಗೆ ಎಂಬುದು. ಮುಂದೆ ಅವರಿಗೆ ಒದಗಿದ್ದು ಇದೇ ವಿದ್ಯೆ.

1990ರ ದಶಕದ ಆರಂಭದಲ್ಲಿ ಒಂದು ಹೊಸ ಉಪಕರಣ ಬಳಕೆಗೆ ಬಂದಿತು. ಆಮ್ಲಜನಕವನ್ನು ಹೊತ್ತ ರಕ್ತಕ್ಕೂ ಅದನ್ನು ಕಳೆದುಕೊಂಡ ರಕ್ತಕ್ಕೂ ಕಾಂತೀಯ ಗುಣದಲ್ಲಿ ವ್ಯತ್ಯಾಸವಿದೆ. ಮಿದುಳಿನ ಯಾವ ಭಾಗ ಹೆಚ್ಚು ಕೆಲಸ ಮಾಡುತ್ತದೆಯೋ ಆ ಭಾಗಕ್ಕೆ ರಕ್ತದ ಹರಿವು ಹೆಚ್ಚುತ್ತದೆ. ಆಸ್ಪತ್ರೆಗಳಲ್ಲಿರುವ ಎಂ.ಆರ್.ಐ. ಯಂತ್ರದಿಂದಲೇ ಈ ವ್ಯತ್ಯಾಸವನ್ನು ಅಳೆಯಬಹುದೆಂದು ಜಪಾನ್ ಮೂಲದ ಸೇಯಿಜಿ ಒಗಾವ ಅವರು 1990ರಲ್ಲಿ ತೋರಿಸಿದರು. ಎರಡೇ ವರ್ಷಗಳಲ್ಲಿ ಮನುಷ್ಯರ ಮೇಲೆಯೂ ಈ ವಿಧಾನ ಪ್ರಯೋಗವಾಯಿತು. ತಲೆಬುರುಡೆಯನ್ನು ತೆರೆಯದೆ, ಚುಚ್ಚುಮದ್ದನ್ನೂ ಕೊಡದೆ, ನೋಡುವ, ಕೇಳುವ, ಯೋಚಿಸುವ ಮಿದುಳನ್ನು ಹೊರಗಿನಿಂದಲೇ ಅವಲೋಕಿಸುವ ಮಾರ್ಗ ತೆರೆಯಿತು.

ಕ್ಯಾನ್‌ವಿಷರ್ ಅವರಿಗೆ ಬಾಸ್ಟನ್ ನಗರದ ಆಸ್ಪತ್ರೆಯೊಂದರ ಯಂತ್ರವನ್ನು ಬಳಸುವ ಅವಕಾಶ ದೊರೆಯಿತು. ಅಂಥ ಯಂತ್ರದ ಒಂದೊಂದು ಗಂಟೆಯೂ ಅಮೂಲ್ಯ. ಉತ್ತರ ಖಚಿತವಾಗಿ ದೊರೆಯಬಲ್ಲ ಪ್ರಶ್ನೆಯನ್ನೇ ಕೇಳಬೇಕು. ಪೆಟ್ಟು ಬಿದ್ದ ಕೆಲವರಲ್ಲಿ ಮುಖದ ಗುರುತು ಮಾತ್ರ ಅಳಿದುಹೋಗುತ್ತದೆ ಎಂದಮೇಲೆ, ಆರೋಗ್ಯವಂತರ ಮಿದುಳಿನಲ್ಲಿ ಮುಖಕ್ಕೆಂದೇ ಒಂದು ಸ್ಥಾನವಿರಬೇಕಲ್ಲವೇ? ಇದನ್ನು ಅವರು ಪ್ರಶ್ನೆಯಾಗಿ ಹಿಡಿದರು. ಯಂತ್ರದೊಳಗೆ ಮೊದಮೊದಲು ಮಲಗಿದವರಲ್ಲಿ ಅವರೂ ಒಬ್ಬರು. ಅಲುಗಾಡದೆ ಮಲಗಿ, ಮುಖಗಳ ಚಿತ್ರಗಳನ್ನೂ ಸಾಮಾನ್ಯ ವಸ್ತುಗಳ ಚಿತ್ರಗಳನ್ನೂ ನೋಡಿದರು. ಮಿದುಳಿನ ತಳಭಾಗದಲ್ಲಿ, ಬಲಗಿವಿಯಿಂದ ಒಳಕ್ಕೆ, ಸಣ್ಣ ನೆಲ್ಲಿಕಾಯಿಯಷ್ಟು ಗಾತ್ರದ ಒಂದು ಜಾಗ ಮುಖಗಳನ್ನು ಕಂಡಾಗ ಹೆಚ್ಚು ಚುರುಕಾಯಿತು. ಇದು ಆಕಸ್ಮಿಕವೂ ಆಗಿರಬಹುದೆಂದು ಅವರು ಮತ್ತೆ ಮತ್ತೆ ಯಂತ್ರದೊಳಗೆ ಹೋಗಿ ಮಲಗಿದರು. ಪ್ರತಿ ಸಲವೂ ಅದೇ ಜಾಗ ಬೆಳಗಿತು. ಅನಂತರವೇ ಬೇರೆಯವರ ಪರೀಕ್ಷೆ.

ಮಿದುಳಿನ ಆ ಮಡಿಕೆಗೆ ‘ಫ್ಯೂಸಿಫಾರ್ಮ್’ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ‘ಫ್ಯೂಸಸ್’ ಎಂದರೆ ನೂಲುವ ಕದಿರು. ಕದಿರಿನಂತೆ ನಡುವೆ ದಪ್ಪ, ತುದಿಗಳಲ್ಲಿ ಸಣ್ಣ ಆಗಿರುವುದರಿಂದ ಆ ಹೆಸರು. ಅಲ್ಲಿಯ ಈ ವಿಶೇಷ ಸ್ಥಾನವನ್ನು ‘ಫ್ಯೂಸಿಫಾರ್ಮ್ ಮುಖಕ್ಷೇತ್ರ’ ಎಂದು ಕರೆದು, 1997ರಲ್ಲಿ ಕ್ಯಾನ್‌ವಿಷರ್, ಜೋಶ್ ಮ್ಯಾಕ್‌ಡರ್ಮಟ್, ಮಾರ್ವಿನ್ ಚುನ್ ಎಂಬ ಮೂವರು ಪ್ರಬಂಧ ಪ್ರಕಟಿಸಿದರು. ಮ್ಯಾಕ್‌ಡರ್ಮಟ್ ಅವರು ಆಗಿನ್ನೂ ಪದವಿ ತರಗತಿಯ ವಿದ್ಯಾರ್ಥಿ. ಪರೀಕ್ಷಿಸಿದ 15 ಜನರಲ್ಲಿ 12 ಜನರಿಗೆ ಈ ಕ್ಷೇತ್ರ ಸ್ಪಷ್ಟವಾಗಿ ಕಂಡುಬಂದಿತು. ಉಳಿದ ಮೂವರ ವಿಷಯವನ್ನು ಅವರು ಮುಚ್ಚಿಡಲಿಲ್ಲ. ಪ್ರಬಂಧದ ಸಾರಾಂಶದಲ್ಲಿಯೇ ಆ ಸಂಖ್ಯೆಯನ್ನು ಹೇಳಿದರು.

ಆ ಪ್ರಬಂಧದ ನಿಜವಾದ ಬೆಲೆ ಇರುವುದು ಮುಂದಿನ ಭಾಗದಲ್ಲಿ. ಮಠದ ಪಾಠಶಾಲೆಯಲ್ಲಿ ಶಾಸ್ತ್ರಾಭ್ಯಾಸ ಮಾಡಿದವರಿಗೆ ಪೂರ್ವಪಕ್ಷವೆಂದರೆ ಏನೆಂಬುದು ಚೆನ್ನಾಗಿ ತಿಳಿದಿರುತ್ತದೆ. ತನ್ನ ಸಿದ್ಧಾಂತವನ್ನು ಹೇಳುವ ಮೊದಲು ಎದುರಾಳಿಯ ವಾದವನ್ನು, ಅವನು ಹೇಳುವುದಕ್ಕಿಂತಲೂ ಸಮರ್ಥವಾಗಿ, ತಾನೇ ಎತ್ತಿ ಹೇಳಬೇಕು. ಪೂರ್ವಪಕ್ಷವನ್ನು ದುರ್ಬಲವಾಗಿ ನಿರೂಪಿಸಿ ಖಂಡಿಸಿದವನನ್ನು ವಿದ್ವತ್ಸಭೆ ಮಾನ್ಯ ಮಾಡುವುದಿಲ್ಲ. ಈ ಮೂವರು ಸಂಶೋಧಕರು ತಮ್ಮ ಪ್ರಯೋಗಾಲಯದಲ್ಲಿ ಮಾಡಿದ್ದು ಇದನ್ನೇ.

ಮೊದಲನೆಯ ಆಕ್ಷೇಪ: ಆ ಜಾಗ ಮುಖವನ್ನಲ್ಲ, ಮುಖದಲ್ಲಿರುವ ಕಪ್ಪು–ಬಿಳುಪಿನ ಅಂಶಗಳನ್ನಷ್ಟೆ ಕಂಡು ಚುರುಕಾಗುತ್ತಿರಬಹುದು. ಇದಕ್ಕಾಗಿ ಅದೇ ಅಂಶಗಳನ್ನು ಚದುರಿಸಿ, ಮುಖವೆಂದು ತೋರದಂತೆ ಮಾಡಿದ ಚಿತ್ರಗಳನ್ನು ತೋರಿಸಿದರು. ಅವಕ್ಕೆ ಅದು ಅಷ್ಟು ಸ್ಪಂದಿಸಲಿಲ್ಲ. ಎರಡನೆಯದು: ಒಂದೇ ಜಾತಿಯ ಅನೇಕ ವಸ್ತುಗಳಲ್ಲಿ ಒಂದನ್ನು ಮತ್ತೊಂದರಿಂದ ಬೇರ್ಪಡಿಸುವುದು ಅದರ ಕೆಲಸವಿರಬಹುದು. ಇದಕ್ಕಾಗಿ ಬಗೆಬಗೆಯ ಮನೆಗಳನ್ನು ತೋರಿಸಿದರು. ಅಲ್ಲಿಯೂ ಮುಖಕ್ಕೇ ಹೆಚ್ಚಿನ ಸ್ಪಂದನ. ಮೂರನೆಯದು: ಮನುಷ್ಯ ದೇಹದ ಯಾವ ಅಂಗವಾದರೂ ಆದೀತು. ಇದಕ್ಕಾಗಿ ಕೂದಲನ್ನು ಮರೆಮಾಡಿ, ಸ್ವಲ್ಪ ಪಕ್ಕಕ್ಕೆ ತಿರುಗಿದ ಮುಖಗಳನ್ನೂ ಕೈಗಳನ್ನೂ ಹೋಲಿಸಿದರು, ಮುಖವೇ ಗೆದ್ದಿತು. ನಾಲ್ಕನೆಯದು: ಮುಖವೆಂದರೆ ಜನ ಹೆಚ್ಚು ಗಮನವಿಟ್ಟು ನೋಡುತ್ತಾರೆ, ಆ ಗಮನದ ಫಲವೇ ಇದಾಗಿರಬಹುದು. ಇದಕ್ಕಾಗಿ ಮುಖವಾಗಲಿ ಕೈಯಾಗಲಿ, ಒಂದಾದ ಮೇಲೊಂದು ಬರುವ ಚಿತ್ರಗಳು ಒಂದೇ ಆಗಿವೆಯೇ ಎಂದು ಹೇಳಬೇಕೆಂಬ ಕೆಲಸ ಕೊಟ್ಟು, ಎರಡಕ್ಕೂ ಗಮನ ಅಗತ್ಯವಾಗುವಂತೆ ಮಾಡಿದರು. ಫಲ ಬದಲಾಗಲಿಲ್ಲ.

ಸಿದ್ಧಾಂತ ಅಲ್ಲಿಗೆ ಮುಗಿಯಲಿಲ್ಲ. ಹೊರಗಿನ ಪೂರ್ವಪಕ್ಷವೂ ಎದ್ದಿತು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದ ಇಸಬೆಲ್ ಗೋತಿಯೆ ಎಂಬ ಮತ್ತೊಬ್ಬ ಯುವ ಸಂಶೋಧಕಿ, ಆ ಜಾಗ ಮುಖಕ್ಕೆ ಮೀಸಲಲ್ಲ, ಪರಿಣತಿಗೆ ಮೀಸಲು ಎಂದು ವಾದಿಸಿದರು. ನಾವೆಲ್ಲರೂ ಮುಖಗಳಲ್ಲಿ ಪರಿಣತರು, ಆದುದರಿಂದ ಮುಖಕ್ಕೆ ಅದು ಸ್ಪಂದಿಸುತ್ತದೆ, ಅಷ್ಟೆ. ಇದನ್ನು ತೋರಿಸಲು ಲೋಕದಲ್ಲಿ ಇಲ್ಲದ ವಿಚಿತ್ರ ಗೊಂಬೆಯಾಕಾರಗಳನ್ನು ಕಂಪ್ಯೂಟರಿನಲ್ಲಿ ರಚಿಸಿ, ಜನರಿಗೆ ಅವುಗಳನ್ನು ಗುರುತಿಸುವ ತರಬೇತಿ ನೀಡಿದರು. ತರಬೇತಿ ಮುಗಿದ ಮೇಲೆ ಆ ಜಾಗ ಗೊಂಬೆಗಳಿಗೂ ಹೆಚ್ಚು ಸ್ಪಂದಿಸಿತೆಂದು 1999ರಲ್ಲಿ ಪ್ರಕಟಿಸಿದರು. ಮರುವರ್ಷ, ಹಕ್ಕಿಗಳಲ್ಲಿ ಪರಿಣತರಾದವರಿಗೆ ಹಕ್ಕಿಗಳಿಂದಲೂ, ಕಾರುಗಳಲ್ಲಿ ಪರಿಣತರಾದವರಿಗೆ ಕಾರುಗಳಿಂದಲೂ ಆ ಸ್ಪಂದನ ಹೆಚ್ಚುವುದೆಂದು ತೋರಿಸಿದರು.

ಈ ವಾದದ ಬಲವನ್ನು ನಮ್ಮ ಹಳ್ಳಿಯವರು ಬಲ್ಲರು. ನಮ್ಮ ಕಣ್ಣಿಗೆ ಒಂದೇ ತೆರನಾಗಿ ಕಾಣುವ ಇಡೀ ಹಿಂಡಿನಲ್ಲಿ ಕುರುಬನು ಒಂದೊಂದು ಕುರಿಯನ್ನೂ ಬೇರೆ ಬೇರೆಯಾಗಿ ಗುರುತಿಸುತ್ತಾನೆ. ಹಾಗಾದರೆ ಕುರಿಯ ಮುಖವನ್ನು ಕಲಿತ ಕಣ್ಣೂ ಮನುಷ್ಯನ ಮುಖವನ್ನು ಕಲಿತ ಕಣ್ಣೂ ಒಂದೇ ಏನು? ಇದಕ್ಕೆ ಸಂಬಂಧಿಸಿದ ಒಂದು ವೃತ್ತಾಂತ ಆ ಮೊದಲೇ, 1993ರಲ್ಲಿ, ಲಂಡನ್ನಿನಿಂದ ಪ್ರಕಟವಾಗಿತ್ತು. ಜೇನ್ ಮ್ಯಾಕ್‌ನೀಲ್ ಮತ್ತು ಎಲಿಜಬೆತ್ ವಾರಿಂಗ್‌ಟನ್ ಅವರು ವರ್ಣಿಸಿದ ಒಬ್ಬ ರೋಗಿ, ಮಿದುಳಿನ ಆಘಾತದಿಂದ ಮುಖ ಗುರುತಿಸುವ ಶಕ್ತಿಯನ್ನು ಕಳೆದುಕೊಂಡ ಬಳಿಕ ಕುರಿ ಸಾಕತೊಡಗಿದರು. ಅವರು ತಮ್ಮ ಕುರಿಗಳ ಮುಖಗಳನ್ನು ಕಲಿತು ಗುರುತಿಸಬಲ್ಲವರಾದರು. ಪರಿಚಿತ ಮನುಷ್ಯರ ಮುಖಗಳನ್ನು ಮಾತ್ರ ಗುರುತಿಸಲಾರದೆ ಹೋದರು. ಹೊಸ ಪರಿಣತಿ ಸಾಧ್ಯವಾದರೂ ಮನುಷ್ಯಮುಖದ ಗುರುತು ಮರಳಿ ಬರಲಿಲ್ಲವೆಂದರೆ, ಅವೆರಡೂ ಒಂದೇ ಅಲ್ಲವೆಂಬುದು ಇದರಿಂದ ಸೂಚಿತವಾಗುತ್ತದೆ. 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜೋಸೆಫ್ ಪರ್ವಿಜಿ ಮತ್ತು ಸಂಗಡಿಗರು, ಮೂರ್ಛೆರೋಗದ ಚಿಕಿತ್ಸೆಗಾಗಿ ಮಿದುಳಿನಲ್ಲಿ ತಂತಿಗಳನ್ನು ಇರಿಸಿಕೊಂಡಿದ್ದ ಒಬ್ಬ ರೋಗಿಯ ಮುಖಕ್ಷೇತ್ರಕ್ಕೆ ಲಘುವಾದ ವಿದ್ಯುತ್ ಹರಿಸಿದಾಗ, ಎದುರಿಗಿದ್ದ ವೈದ್ಯರ ಮುಖ ಬೇರೊಬ್ಬರದಾಗಿ ಮಾರ್ಪಟ್ಟಂತೆ ಅವರಿಗೆ ಕಂಡಿತು. ಪರಿಣತಿಯ ಪಾತ್ರ ಎಷ್ಟೆಂಬ ಚರ್ಚೆ ಪೂರ್ಣವಾಗಿ ಅಡಗಿಲ್ಲವಾದರೂ, ಮುಖಗ್ರಹಣಕ್ಕೆ ಆ ಕ್ಷೇತ್ರ ಅವಶ್ಯಕವೆಂಬುದು ಗಟ್ಟಿಯಾಯಿತು.

ಇತ್ತ ಡೋರಿಸ್ ತ್ಸಾವ್ ಮತ್ತು ವಿನ್‌ರಿಖ್ ಫ್ರೈವಾಲ್ಡ್ ಎಂಬ ಇಬ್ಬರು ತರುಣ ವಿದ್ವಾಂಸರು ಕ್ಯಾನ್‌ವಿಷರ್ ಅವರ ಹೆಜ್ಜೆಯನ್ನು ಕೋತಿಗಳಲ್ಲಿ ಮುಂದುವರಿಸಿದರು. ಕೋತಿಯ ಮಿದುಳಿನಲ್ಲಿಯೂ ಮುಖಕ್ಕೆ ಸ್ಪಂದಿಸುವ ಜಾಗಗಳನ್ನು ಯಂತ್ರದಿಂದ ಗುರುತಿಸಿ, ಅಂಥ ಒಂದು ಜಾಗಕ್ಕೆ ಕೂದಲಿಗಿಂತ ತೆಳುವಾದ ತಂತಿಯನ್ನು ಇಳಿಸಿ, ಒಂದೊಂದು ಜೀವಕೋಶವನ್ನೂ ಪರೀಕ್ಷಿಸಿದರು. ನೋಟಕ್ಕೆ ಸ್ಪಂದಿಸುವ ಅಲ್ಲಿನ ಕೋಶಗಳಲ್ಲಿ ನೂರಕ್ಕೆ 97 ಮುಖಕ್ಕೇ ಮೀಸಲಾಗಿದ್ದವು ಎಂದು 2006ರಲ್ಲಿ ಪ್ರಕಟಿಸಿದರು. 2024ರಲ್ಲಿ ನಾರ್ವೆ ದೇಶದ ವಿಜ್ಞಾನ ಅಕಾಡೆಮಿ ಕ್ಯಾನ್‌ವಿಷರ್, ಫ್ರೈವಾಲ್ಡ್, ತ್ಸಾವ್ ಈ ಮೂವರಿಗೆ ಹತ್ತು ಲಕ್ಷ ಡಾಲರುಗಳ ಕಾವ್ಲಿ ಪ್ರಶಸ್ತಿಯನ್ನು ಹಂಚಿಕೊಟ್ಟಿತು. 1997ರ ಪ್ರಬಂಧಕ್ಕೂ ಈ ಮನ್ನಣೆಗೂ ನಡುವೆ 27 ವರ್ಷಗಳು ಸಂದಿದ್ದವು ಎಂಬುದನ್ನು ಓದುಗರು ಗಮನಿಸಬೇಕು.

ಈ ಕಥನಕ್ಕೆ ನಮ್ಮ ನಾಡಿನ ನಂಟೂ ಇದೆ. ಎನ್. ಅಪೂರ್ವ ರತನ್ ಮೂರ್ತಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎಸ್. ಪಿ. ಅರುಣ್ ಅವರ ದೃಷ್ಟಿವಿಜ್ಞಾನದ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. ಅಲ್ಲಿಂದ ಕ್ಯಾನ್‌ವಿಷರ್ ಅವರ ಬಳಿಗೆ ಹೋಗಿ, ಮನಸ್ಸನ್ನು ತಟ್ಟುವಂಥ ಒಂದು ಪ್ರಶ್ನೆಯನ್ನು ಎತ್ತಿಕೊಂಡರು. ಹುಟ್ಟಿನಿಂದಲೇ ಕುರುಡರಾಗಿ, ಒಂದು ಮುಖವನ್ನೂ ಕಣ್ಣಿನಿಂದ ಕಾಣದವರ ಮಿದುಳಿನಲ್ಲಿ ಆ ಕ್ಷೇತ್ರ ಏನು ಮಾಡುತ್ತಿರುತ್ತದೆ? ಯಂತ್ರದಲ್ಲಿ ಅಚ್ಚೊತ್ತಿ ಮಾಡಿದ ಮುಖ, ಕೈ, ಕುರ್ಚಿ ಮೊದಲಾದ ಪುಟ್ಟ ಆಕೃತಿಗಳನ್ನು ಅಂಥವರು ಬೆರಳಿನಿಂದ ಮುಟ್ಟಿ ನೋಡುವಂತೆ ಮಾಡಿ ಮಿದುಳನ್ನು ಅಳೆದರು. ಮುಖದ ಆಕೃತಿಯನ್ನು ಮುಟ್ಟಿದಾಗ, ಕಣ್ಣಿರುವವರಲ್ಲಿ ಮುಖಕ್ಷೇತ್ರವಿರುವ ಸ್ಥಳದಲ್ಲಿಯೇ, ಹೆಚ್ಚಿನ ಸ್ಪಂದನ ಕಂಡುಬಂದಿತು. 2020ರಲ್ಲಿ ಇದು ಪ್ರಕಟವಾಯಿತು.

ಇದಕ್ಕೆ ಮೂರು ವರ್ಷ ಮೊದಲು, ಅಂದರೆ 2017ರಲ್ಲಿ, ಹಾರ್ವರ್ಡ್‌ನ ಮಾರ್ಗರೆಟ್ ಲಿವಿಂಗ್‌ಸ್ಟನ್ ಅವರ ತಂಡ, ಹುಟ್ಟಿನಿಂದ ಯಾವ ಮುಖವನ್ನೂ ಕಾಣಗೊಡದೆ ಬೆಳೆಸಿದ ಕೋತಿಮರಿಗಳಲ್ಲಿ ಮುಖಕ್ಷೇತ್ರಗಳು ರೂಪುಗೊಳ್ಳಲಿಲ್ಲವೆಂದು ವರದಿ ಮಾಡಿತ್ತು. ಒಂದು ಕಡೆ ಅನುಭವವಿಲ್ಲದೆ ಕ್ಷೇತ್ರವಿಲ್ಲ. ಇನ್ನೊಂದು ಕಡೆ ಕಣ್ಣಿನ ಅನುಭವವೇ ಇಲ್ಲದೆ ಕ್ಷೇತ್ರವಿದೆ. ಜನ್ಮದತ್ತವಾದದ್ದು ಎಷ್ಟು, ಅಭ್ಯಾಸದಿಂದ ಬಂದದ್ದು ಎಷ್ಟು ಎಂಬ ಈ ಪ್ರಶ್ನೆಗೆ ಇನ್ನೂ ಹಲವು ತರುಣರ ಶ್ರಮ ಬೇಕಾಗಿದೆ.

‘ಇದರಿಂದ ಯಾರಿಗೆ ಉಪಯೋಗ?’ ಎಂಬ ಹಿರಿಯರ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ತಲೆಗೆ ಪೆಟ್ಟು ಬೀಳದೆ, ಯಾವ ರೋಗವೂ ಇಲ್ಲದೆ, ಹುಟ್ಟಿನಿಂದಲೇ ಮುಖ ಗುರುತಿಸಲಾರದವರು ಲೋಕದಲ್ಲಿದ್ದಾರೆ ಎಂಬುದು ಈ ಸಂಶೋಧನೆಗಳಿಂದ ಚೆನ್ನಾಗಿ ಬೆಳಕಿಗೆ ಬಂದಿತು. ನೂರಕ್ಕೆ ಸುಮಾರು ಇಬ್ಬರು ಅಂಥವರಿರಬಹುದೆಂಬುದು ಬಳಕೆಯಲ್ಲಿರುವ ಒಂದು ಅಂದಾಜು. ಪ್ರಸಿದ್ಧ ವೈದ್ಯಲೇಖಕ ಆಲಿವರ್ ಸ್ಯಾಕ್ಸ್ ಅವರೇ ತಾವು ಅಂಥವರೆಂದು 2010ರಲ್ಲಿ ಬರೆದುಕೊಂಡಿದ್ದಾರೆ. ಇದು ಬುದ್ಧಿಯ ಕೊರತೆಯಲ್ಲ, ಮರೆವಿನ ರೋಗವಲ್ಲ, ಸೊಕ್ಕಂತೂ ಅಲ್ಲವೇ ಅಲ್ಲ.

ಆದರೆ ನಮ್ಮ ಸಮಾಜದಲ್ಲಿ ಅಂಥವರ ಪಾಡು ಏನಾದೀತು? ಮದುವೆಯ ಮಂಟಪದಲ್ಲಿ ಸೋದರಮಾವ ಎದುರಿಗೆ ಬಂದಾಗ ಸೊಸೆ ಸುಮ್ಮನೆ ಮುಂದೆ ಸಾಗಿದರೆ, ‘ಓದಿದ ಹುಡುಗಿಗೆ ನಾವು ಕಣ್ಣಿಗೆ ಬೀಳಲಿಲ್ಲ’ ಎಂಬ ಮಾತು ಊಟದ ಪಂಕ್ತಿ ಏಳುವುದರೊಳಗೆ ಎಲ್ಲ ಕಡೆ ಹರಡುತ್ತದೆ. ಒಂದು ನಮಸ್ಕಾರ ತಪ್ಪಿದ್ದಕ್ಕೆ ಎರಡು ಮನೆಗಳ ನಡುವೆ ಹೋಗಿಬರುವುದೇ ನಿಂತ ಉದಾಹರಣೆಗಳನ್ನು ಓದುಗರೂ ಕಂಡಿರಬಹುದು. ಅವೆಲ್ಲವೂ ಈ ಕಾರಣದಿಂದಲೇ ಆದವು ಎಂದಲ್ಲ. ಆದರೆ ಅವುಗಳಲ್ಲಿ ಕೆಲವಾದರೂ, ಪಾಪ, ಯಾವ ತಪ್ಪೂ ಮಾಡದವರ ತಲೆಗೆ ಬಂದ ಅಪವಾದಗಳಾಗಿರಬಹುದಲ್ಲವೇ?

ಇಂಥವರಿಗೆ ಔಷಧವಿಲ್ಲ, ಆದರೆ ಉಪಾಯವಿದೆ. ಎದುರಿಗೆ ಬಂದವರು ‘ನಾನು ಇಂಥವನು, ಇಂಥ ಊರಿನವನು’ ಎಂದು ತಾವಾಗಿಯೇ ಹೇಳಿಕೊಂಡರೆ ಅರ್ಧ ಸಂಕಟ ಅಲ್ಲಿಗೇ ಪರಿಹಾರವಾಗುತ್ತದೆ. ಶಾಲೆಯಲ್ಲಿ ಎಲ್ಲ ಮಕ್ಕಳೂ ಒಂದೇ ಸಮವಸ್ತ್ರ ತೊಟ್ಟಾಗ ಗೆಳೆಯರನ್ನು ಗುರುತಿಸದೆ ತಬ್ಬಿಬ್ಬಾಗುವ, ತಾಯಿ ಬೇರೆ ರೀತಿ ಜಡೆ ಹಾಕಿಕೊಂಡರೆ ಧ್ವನಿ ಕೇಳುವವರೆಗೂ ಹತ್ತಿರ ಬಾರದ ಮಗುವನ್ನು ಗದರಿಸಬಾರದು. ನಡಿಗೆ, ಧ್ವನಿ, ಕೂದಲು, ಉಡುಪು ಇವುಗಳಿಂದ ಗುರುತು ಹಿಡಿಯುವ ಅಭ್ಯಾಸಕ್ಕೆ ನೆರವಾಗಬೇಕು. ಆದರೆ ಚೆನ್ನಾಗಿದ್ದ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಮನೆಯವರ ಮುಖಗಳನ್ನು ಗುರುತಿಸದೆ ಹೋದರೆ ಅದು ಮಿದುಳಿನ ರಕ್ತಸಂಚಾರಕ್ಕೆ ತಡೆಯಾದುದರ ಸೂಚನೆಯಾಗಿರಬಹುದು. ಆಗ ಒಂದು ಗಳಿಗೆಯನ್ನೂ ಕಳೆಯದೆ ಅವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನು, ಸಂಶೋಧನೆಯ ದಾರಿ ಹಿಡಿದ ಮಕ್ಕಳಿರುವ ಮನೆಗಳಿಗೆ ಒಂದು ಮಾತು. ಯಿನ್ ಅವರು ಮುಖದ ಅಧ್ಯಯನವನ್ನು ಬಿಟ್ಟುಹೋದರು, ಅವರ ಪ್ರಯೋಗ ಉಳಿಯಿತು. ಗೋತಿಯೆ ಅವರು ವಿರೋಧಿಸಿದರು, ಆ ವಿರೋಧದಿಂದ ಸಿದ್ಧಾಂತ ಪುಟಕ್ಕೆ ಬಿದ್ದಿತು. ಕ್ಯಾನ್‌ವಿಷರ್ ಅವರು ಹಲವು ಕಡೆ ಅಲೆದು ಬಂದು ಒಂದು ಪ್ರಶ್ನೆಯ ಮುಂದೆ ನಿಂತರು, ನಿಂತ ಮೇಲೆ ಕದಲಲಿಲ್ಲ. ಮೂವರಲ್ಲಿ ಯಾರ ಶ್ರಮವೂ ವ್ಯರ್ಥವಾಗಲಿಲ್ಲ. ಸಂಶೋಧನೆಯ ಮೊದಲ ಹತ್ತು ವರ್ಷಗಳನ್ನು ಸಂಬಳದ ಲೆಕ್ಕದಿಂದ ಅಳೆಯಲು ಹೊರಟರೆ ಯಾವ ತಂದೆತಾಯಿಗೂ ಸಮಾಧಾನ ಸಿಗಲಾರದು. ಅಳೆಯಲು ಬೇರೊಂದು ಮಾನದಂಡವಿದೆ. ‘ನಿನ್ನ ಪ್ರಶ್ನೆ ಯಾವುದು? ನೀನು ಕಂಡುಕೊಂಡದ್ದು ಸುಳ್ಳಾಗಿದ್ದರೆ ಅದನ್ನು ತಿಳಿಯುವ ಬಗೆ ಹೇಗೆ?’ ಎಂದು ಮಕ್ಕಳನ್ನು ಕೇಳಿ. ಈ ಎರಡನೆಯ ಪ್ರಶ್ನೆಗೆ ಅವರು ಹಿಂಜರಿಯದೆ ಉತ್ತರ ಕೊಟ್ಟರೆ, ಅವರು ಸರಿಯಾದ ದಾರಿಯಲ್ಲಿಯೇ ಇದ್ದಾರೆ ಎಂದು ತಿಳಿಯಿರಿ. ಉಳಿದದ್ದಕ್ಕೆ ಕಾಲಾವಕಾಶ ಕೊಡಿ.

ಕಣ್ಣಿಗೆ ಅತಿ ಸಮೀಪದಲ್ಲಿರುವುದೇ ಅನೇಕ ವೇಳೆ ಕಾಣದೆ ಹೋಗುತ್ತದೆ. ದಿನಕ್ಕೆ ನೂರು ಸಲ ಒಬ್ಬರನ್ನೊಬ್ಬರು ನೋಡುವ ನಾವು, ಆ ನೋಟದ ಹಿಂದೆ ಎಂಥ ಸೂಕ್ಷ್ಮ ವ್ಯವಸ್ಥೆ ದುಡಿಯುತ್ತಿದೆಯೆಂದು ತಿಳಿದ ಮೇಲೆ, ಪರಿಚಿತರ ಮುಖವನ್ನು ಗುರುತಿಸಬಲ್ಲ ಭಾಗ್ಯವನ್ನು ನೆನೆಯಬೇಕು. ಆ ಭಾಗ್ಯವಿಲ್ಲದವರ ಮುಂದೆ ನಾವೇ ಮೊದಲು ಹೆಸರು ಹೇಳಿ ಕೈಮುಗಿಯಬೇಕು.